ಆ ಹಾಳೆಗಳನ್ನು ಕಿತ್ತು ಹಾಕಬೇಡ

ಪ್ರೀತಿಯ ಗೆಳೆಯ,

ನಿನ್ನ ಕಾಗದ ಓದಿದೆ. ಅಜ್ಜನ ಟ್ರಂಕಿನಲ್ಲಿ ಸಿಕ್ಕ ಲೆಕ್ಕದ ಪುಸ್ತಕಗಳಲ್ಲಿ ಜೀತದವರ ಹೆಸರಿರುವ ಹಾಳೆಗಳನ್ನು ಕಿತ್ತು ಒಲೆಗೆ ಹಾಕೋಣ ಅನ್ನುತ್ತಾನಂತೆ ನಿಮ್ಮಣ್ಣ. ಸ್ವಲ್ಪ ತಡಿ ಮಾರಾಯ. ಮೊದಲು ಮೆಲ್ಬರ್ನ್ ಕಡೆಯ ಒಂದು ಮನೆತನದ ಕತೆ ಕೇಳು.

ನೀಲ್ ಬ್ಲ್ಯಾಕ್ ಸ್ಕಾಟ್ಲೆಂಡಿನ ಆರ್ಗೈಲ್‌ನವನು, ಗೇಲಿಕ್ ಬಲ್ಲವನು. 1839ರಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟು ಬಂದ. ಈಗಿನ ಕ್ಯಾಂಪರ್‌ಡೌನ್ ಊರಿನಿಂದ ಸ್ವಲ್ಪ ದೂರದಲ್ಲಿ ಕುರಿ ಮೇಯಿಸುವ ದೊಡ್ಡ ಜಾಗ ಕೊಂಡು ಗ್ಲೆನಾರ್ಮಿಸ್ಟನ್ ಅಂತ ಹೆಸರಿಟ್ಟ. ದುಡ್ಡು ಹಾಕಿದ ಪಾಲುದಾರರು ಬ್ರಿಟನ್ನಿನಲ್ಲೇ ಕೂತಿದ್ದರು. ಅವರಿಗೆ ಲೆಕ್ಕ ಒಪ್ಪಿಸಬೇಕಲ್ವಾ? ಬರೆದಿದ್ದೇ ಬರೆದಿದ್ದು. ಅವನ ಪತ್ರಗಳು, ದಿನಚರಿ ಎಲ್ಲ ಈಗ ಸ್ಟೇಟ್ ಲೈಬ್ರರಿ ವಿಕ್ಟೋರಿಯಾದಲ್ಲಿವೆ.

1867ರಲ್ಲಿ ವಿಕ್ಟೋರಿಯಾ ರಾಣಿಯ ಮಗನೇ ಇವರ ಮನೆಗೆ ಬಂದಿದ್ದ. ಅಂಥದ್ದನ್ನು ಯಾರು ಬೇಕಾದರೂ ಜೋಪಾನವಾಗಿ ಇಡುತ್ತಾರೆ ಬಿಡು. ಆದರೆ ಶುರುವಿನ ದಿನಚರಿಯಲ್ಲಿ ಇನ್ನೊಂದು ಲೆಕ್ಕ ಇದೆ. ಈ ಜಾಗದಲ್ಲಿ 35ರಿಂದ 40 ಮೂಲನಿವಾಸಿಗಳನ್ನು ಮುಗಿಸಿದ್ದಾರೆ, ಆ ಗುಂಪಿನಲ್ಲಿ ಇಬ್ಬರೇ ಗಂಡಸರು ಉಳಿದಿದ್ದಾರೆ ಅಂತ. ಕುರಿ ಎಣಿಸಿದ ಹಾಗೆ!

ಕೊಂದವನು ಇವನಲ್ಲ. ಹಿಂದೆ ಆ ಜಾಗ ನೋಡಿಕೊಳ್ಳುತ್ತಿದ್ದ ಫ್ರೆಡರಿಕ್ ಟೇಲರ್ ಮತ್ತವನ ಕಡೆಯವರು. ಸತ್ತವರು ಜಾರ್ಗರ್ಡ್ ವುರ‍್ರುಂಗ್ ಜನ. ಸಿಕ್ಕಿಬೀಳುವ ಭಯಕ್ಕೆ ಟೇಲರ್ ಓಡಿದ್ದು ಎಲ್ಲಿಗೆ ಗೊತ್ತಾ? ನಮ್ಮ ಇಂಡಿಯಾಕ್ಕೆ. ಹೊಸ ಜಾಗ ಹಿಡಿಯಬೇಕಾದರೆ ಜನರನ್ನು ಕೊಲ್ಲುವುದಕ್ಕೂ ಹೇಸದ ಮನಸ್ಸು ಬೇಕು ಅಂತ ಬ್ಲ್ಯಾಕ್ ಬರೆದುಕೊಂಡಿದ್ದಾನೆ. ಅವನು ಜಾಣ. ಬೇರೆಯವರು ಆಗಲೇ ಖಾಲಿ ಮಾಡಿದ್ದ ಜಾಗ ಕೊಂಡ.

ಕ್ಯಾಂಪರ್‌ಡೌನ್ ಸ್ಮಶಾನದಲ್ಲಿ ಆ ಮೂಲನಿವಾಸಿಗಳ ನೆನಪಿಗೆ ಎತ್ತರದ ಒಂದು ಕಲ್ಲಿನ ಕಂಬ ಇದೆ. ನಿಲ್ಲಿಸಿದವನು ಜೇಮ್ಸ್ ಡಾಸನ್, ಅವನೂ ಸ್ಕಾಟ್ಲೆಂಡಿನಿಂದ ಬಂದವನೇ. ಚಂದಾ ಕೇಳಿದರೆ ನೆರೆಯ ಸಾಹುಕಾರರು ಕಾಸು ಬಿಚ್ಚಲಿಲ್ಲ. ಕಲ್ಲಿನ ಮೇಲೆ 1840, 1883 ಅಂತ ಎರಡು ಇಸವಿ, ಆ ಜನ ಅಳಿದುಹೋದ ಅವಧಿ ಅಂತ. 1883ರಲ್ಲಿ ತೀರಿಕೊಂಡ ವೊಂಬೀಚ್ ಪುಯೂನ್‌ನನ್ನೇ ಆ ಜನರಲ್ಲಿ ಕೊನೆಯವನು ಅಂದುಕೊಂಡಿದ್ದ ಡಾಸನ್. ಅದೊಂದು ತಪ್ಪು. ಆ ವಂಶದವರು ಈಗಲೂ ಇದ್ದಾರೆ. ಹತ್ಯೆಯಲ್ಲಿ ಬದುಕುಳಿದವರು ಹೇಳಿದ್ದೂ ಆಗಲೇ ದಾಖಲಾಗಿತ್ತು. ಕುರಿ ಸಾಹುಕಾರ ಬ್ಲ್ಯಾಕ್‌ನ ಮನೆಯಲ್ಲೇ ಉಳಿದುಬಂದ ದಿನಚರಿಯ ಆ ಸಾಲು ಅದಕ್ಕೆ ಜೊತೆಯಾಯಿತು.

ನಿನ್ನ ಅಜ್ಜ ಹೆಸರು ಬರೆದಿಟ್ಟವರ ಮೊಮ್ಮಕ್ಕಳು ನಿಮ್ಮೂರಲ್ಲೇ ಇದ್ದಾರೆ ಅಲ್ವಾ? ಹಾಳೆ ಕೀಳುವ ಮೊದಲು ಅವರನ್ನೊಂದು ಮಾತು ಕೇಳು. ಅಲ್ಲಿಯವರೆಗೆ ಟ್ರಂಕಿಗೆ ನಾಲ್ಕು ನುಸಿಗುಳಿಗೆ ಹಾಕಿಡು. ಅಣ್ಣನ ಹತ್ತಿರ ನಾನು ಫೋನಿನಲ್ಲಿ ಮಾತಾಡುತ್ತೇನೆ.

ನಿನ್ನ ಗೆಳೆಯ