ಮಂಡಕ್ಕಿ ಕಟ್ಟಿಕೊಂಡು ಕಡಲಿಗೆ ಹೋಗುವ ಹುಡುಗ

ದೋಸ್ತ,

ಹೋದ ವಾರ ಫೋನಿನಲ್ಲಿ ಅರ್ಧಕ್ಕೇ ನಿಂತ ಮಾತನ್ನು ಇಲ್ಲಿ ಮುಗಿಸುತ್ತೇನೆ.

ನಮ್ಮ ಬೀದಿಯ ಟೇಲರ್ ಅಣ್ಣನ ಮಗ ನೆನಪಿದ್ದಾನೆ ಅಲ್ವಾ? ಮಂಗಳೂರಿನ ಪಣಂಬೂರಿನಲ್ಲಿ ಕೋಸ್ಟ್ ಗಾರ್ಡಿನ, ಅಂದರೆ ಕರಾವಳಿ ಕಾವಲು ಪಡೆಯ ನಾವಿಕ. ಕೆಲಸ ಸಿಕ್ಕಾಗ 'ಗಾರ್ಡ್' ಅಂದದ್ದಷ್ಟೇ ನನ್ನ ಕಿವಿಗೆ ಬಿದ್ದಿತ್ತು. ಬಂದರಿನ ಗೇಟಿನಲ್ಲಿ ಲಾಠಿ ಹಿಡಿದು ಕೂರೋದು ಅಂದುಕೊಂಡೆ. "ರಾತ್ರಿ ಪಾಳಿನೂ ಇರುತ್ತೇನೋ?" ಅಂತ ಅವನನ್ನೇ ಕೇಳಿದ್ದೆ. "ಇರುತ್ತೆ ಅಣ್ಣ" ಅಂತ ನಕ್ಕಿದ್ದ.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆಗಸ್ಟ್ 15ಕ್ಕೆ ಇಲ್ಲಿ ರಜೆಗೆ ಬಂದ ಯೋಧರಿಗೆಲ್ಲ ಶಾಲು ಹೊದಿಸಿದೆವು. ಅವನೂ ಊರಲ್ಲೇ ಇದ್ದ, ಪಟ್ಟಿಯಲ್ಲಿ ಇರಲಿಲ್ಲ. 'ಅವನು ಮಿಲಿಟರಿ ಅಲ್ಲವಲ್ಲ' ಅಂದರು ಯಾರೋ. ಪಟ್ಟಿ ಬರೆಯುತ್ತಿದ್ದವನು ನಾನು. ಸುಮ್ನೆ ತಲೆಯಾಡಿಸಿದೆ.

ನಮಗೆ ಸಮುದ್ರ ಎಲ್ಲಿ ಗೊತ್ತು ಹೇಳು. ದೊಡ್ಡ ನೀರು ಅಂದರೆ ಚನ್ನಗಿರಿ ಕಡೆಯ ಶಾಂತಿಸಾಗರ, ಇಲ್ಲವೇ ಹಿರಿಯೂರಿನ ವಾಣಿವಿಲಾಸ ಸಾಗರ. ಹೆಸರಲ್ಲಿ ಸಾಗರ ಇದೆ, ಉಪ್ಪು ಮಾತ್ರ ಇಲ್ಲ.

ಆಮೇಲೆ ಒಂದು ಸಂಜೆ ಜಗಲಿ ಮೇಲೆ ಕೂತು ಅವನೇ ಬಿಡಿಸಿ ಹೇಳಿದ. ಮೊದಲು ಸಮುದ್ರದ ಕಳ್ಳಸಾಗಣೆ ತಡೆಯೋಕೆ ಬೇರೆ ಪಡೆಯೇ ಬೇಕು ಅನ್ನಿಸಿತಂತೆ. 1977ರ ಫೆಬ್ರವರಿ 1ರಂದು ನೌಕಾಪಡೆಯಿಂದ ಪಡೆದ ಏಳು ಹಡಗುಗಳಲ್ಲಿ ಕೋಸ್ಟ್ ಗಾರ್ಡ್ ಶುರುವಾಯಿತು. ಮರುವರ್ಷ ಕಾನೂನು ಬಂತು. ಈಗಲೂ ರಕ್ಷಣಾ ಇಲಾಖೆಯ ಕೆಳಗೇ ಇದೆ. ಅದನ್ನೇ ನಾವು 'ಮಿಲಿಟರಿ ಅಲ್ಲ' ಅಂದದ್ದು!

ಗುಂಡು ಹಾರಿಸೋದಕ್ಕಿಂತ ಹುಡುಕೋದೇ ಜಾಸ್ತಿ, ಅಂದ. ಎಂಜಿನ್ ಕೆಟ್ಟು ತೇಲಿಹೋದ ದೋಣಿ, ಎದೆನೋವು ಬಂದ ಮೀನುಗಾರ. ಮೀನುಗಾರರ ಬಾಯಲ್ಲಿ 1554 ಅನ್ನೋ ನಂಬರ್ ಇರುತ್ತದೆ, ನಮಗೆ 108 ಇದ್ದ ಹಾಗೆ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮೂಲ್ಕಿ ಹತ್ತಿರ ಟಗ್ (ದೊಡ್ಡ ಹಡಗು ಎಳೆಯುವ ದೋಣಿ) ಒಂದು ಬಂಡೆಗೆ ಸಿಕ್ಕಿಕೊಂಡಿತ್ತಲ್ಲ, ಅದರಲ್ಲಿದ್ದ ಒಂಬತ್ತೂ ಜನರನ್ನು ಇವರೂ ನೌಕಾಪಡೆಯವರೂ ಸೇರಿ ಜೀವಂತ ತಂದರು.

ಎಲ್ಲ ಸಲ ಹಾಗಾಗಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಪೋರಬಂದರಿನ ಹತ್ತಿರ ಟ್ಯಾಂಕರ್ ಹಡಗಿನಲ್ಲಿ ಗಾಯಗೊಂಡವನನ್ನು ಕರೆತರಲು ರಾತ್ರಿ ಹೊರಟ ಇವರ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ನಾಲ್ವರಲ್ಲಿ ಉಳಿದದ್ದು ಒಬ್ಬ. ಒಬ್ಬ ಪೈಲಟ್‌ನ ದೇಹ ಸಿಕ್ಕಿದ್ದು ತಿಂಗಳು ಕಳೆದ ಮೇಲೆ. ಇದನ್ನು ಹೇಳುವಾಗ ಹುಡುಗ ನನ್ನ ಮುಖ ನೋಡಲಿಲ್ಲ, ಜಗಲಿಯ ಸಿಮೆಂಟು ಕೆರೆಯುತ್ತಿದ್ದ. ನಾನೂ ಏನೂ ಕೇಳಲಿಲ್ಲ.

ಮೊನ್ನೆ ಹೊರಡುವ ಮುಂಚೆ ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋಗಿದ್ದೆ. ಮಳೆಗಾಲದಲ್ಲಿ ಹಡಗು ಹೊಯ್ದಾಡಿದರೆ ಅನ್ನ-ಸಾರು ಹೊಟ್ಟೆಯಲ್ಲಿ ನಿಲ್ಲೋದಿಲ್ಲವಂತೆ, ಒಣ ಮಂಡಕ್ಕಿ ನಿಲ್ಲುತ್ತದಂತೆ. ಜೊತೆಯವರೂ ಕೈ ಹಾಕುತ್ತಾರಂತೆ, ಅದಕ್ಕೇ ದೊಡ್ಡ ಚೀಲ. ಆದರೆ ಉಪ್ಪುಗಾಳಿಗೆ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಅದಕ್ಕೆ ಅವರಪ್ಪ ಒಳಗೆ ಪ್ಲಾಸ್ಟಿಕ್ ಕೊಟ್ಟು, ಎರಡು ಹೊಲಿಗೆ ಹಾಕಿ, ಬಾಯಿಗೆ ಲಾಡಿ ಇಟ್ಟು ಒಂದು ಚೀಲ ಹೊಲಿದಿದ್ದಾರೆ. ಲಾಡಿ ಎಳೆದು ಎಳೆದು ಮೂರು ಸಲ ನನಗೆ ತೋರಿಸಿದರು.

ಮುಂದಿನ ಆಗಸ್ಟ್ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ, ರಜೆ ಸಿಕ್ಕರೆ. ಅಷ್ಟರೊಳಗೆ ನೀನೂ ಒಮ್ಮೆ ಮಾತಾಡು, ನಂಬರ್ ಕಳಿಸುತ್ತೇನೆ. ಸ್ವಿಚ್ಡ್ ಆಫ್ ಬಂದರೆ ಹಡಗು ಹೊರಟಿದೆ ಅಂತ ಅರ್ಥ. ನಾಲ್ಕು ದಿನ ಬಿಟ್ಟು ಮತ್ತೆ ಮಾಡು.

ನಿನ್ನ,
ಪಟ್ಟಿ ಬರೆದವನು