ಓಬವ್ವನಿಗೆ ಕಚ್ಚೆಯೇ ಇರಲಿ ಕಣೋ

ಲೇ ದೋಸ್ತ,

ನಿನ್ನ ಫೈಟಿಂಗ್ ಗೇಮ್‌ಗೆ ಬರೆದ ಓಬವ್ವನ ಚಿತ್ರ ನೋಡಿದೆ. ವಾಟ್ಸಾಪ್‌ನಲ್ಲಿ ಉತ್ತರ ಬರೆಯಲು ಕೂತೆ, ಉದ್ದ ಆಯ್ತು. ನಮ್ಮ ಹುಡುಗರೂ ಓದಲಿ ಅಂತ ಎಲ್ಲರೆದುರೇ ಹಾಕುತ್ತಿದ್ದೇನೆ.

ಮುಖ ಚೆನ್ನಾಗಿ ಬಂದಿದೆ. ಕಣ್ಣಲ್ಲಿ ಸಿಟ್ಟಿದೆ. ಆದರೆ ಆ ಉಕ್ಕಿನ ಕವಚ, ತೊಡೆವರೆಗಿನ ಬೂಟು, ಒನಕೆಗೆ ಮುಳ್ಳು, ಇದೆಲ್ಲ ಯಾಕೆ? ಫೈಟಿಂಗ್ ಗೇಮ್‌ನಲ್ಲಿ ವೇಷ ಅಂದರೆ ಸುಮ್ನೆ ಅಲಂಕಾರ ಅಲ್ಲ, ಅಲ್ವಾ? ಯಾರು ಏನು ಬೀಸಿದರು ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ಗೊತ್ತಾಗಬೇಕು. 1991ರ ಸ್ಟ್ರೀಟ್ ಫೈಟರ್ 2 ಗೇಮ್‌ನ ಹೋರಾಟಗಾರ್ತಿ ಚುನ್ ಲೀ ನೋಡು. ತಲೆಯ ಎರಡೂ ಕಡೆ ಬಿಳಿ ಬಟ್ಟೆ ಸುತ್ತಿದ ಗಂಟು, ಕೈಗೆ ಮುಳ್ಳಿನ ಬಳೆ. ಮೈಗೆಲ್ಲ ಕಪ್ಪು ಬಳಿದರೂ ಗುರುತು ಸಿಗುತ್ತಾಳೆ.

ಓಬವ್ವನಿಗೆ ಇದೆಲ್ಲ ಮೊದಲೇ ಇದೆ. ಕಚ್ಚೆ ಹಾಕಿ ಉಟ್ಟ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತನ್ನಷ್ಟೇ ಎತ್ತರದ ಒನಕೆ, ಅದರ ತುದಿಗೆ ಕಬ್ಬಿಣದ ಬಳೆ. ಕಚ್ಚೆ ಇದ್ದರೆ ಕಾಲು ಅಗಲಿಸಿ ಗಟ್ಟಿಯಾಗಿ ನಿಲ್ಲಬಹುದು. ಹೋದ ವಾರ ದುರ್ಗದ ಕೋಟೆಗೆ ಹೋಗಿ ಆ ಕಿಂಡಿ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಬಂಡೆಗಳ ಸಂದಿಯಲ್ಲಿ ಒಬ್ಬರು ಬಗ್ಗಿ ನುಸುಳುವಷ್ಟೇ ಜಾಗ. ಅಲ್ಲಿ ಒನಕೆಯನ್ನು ಅಡ್ಡಡ್ಡ ಬೀಸಿದರೆ ಕಲ್ಲಿಗೆ ತಾಗುತ್ತದೆ. ಮೇಲಿಂದ ಕೆಳಗೆ ಕುಟ್ಟಬೇಕು, ಅವಳು ದಿನಾ ಮನೆಯಲ್ಲಿ ಕುಟ್ಟುತ್ತಿದ್ದ ಹಾಗೇ. ಅವಳ ದೊಡ್ಡ ಹೊಡೆತ ಅದೇ ಆಗಲಿ.

2014ರ ಗಿಲ್ಟಿ ಗೇರ್ ಎಕ್ಸ್‌ಆರ್‌ಡಿ ಗೇಮ್ ಮಾಡಿದ್ದು 3ಡಿಯಲ್ಲಿ, ಕಾಣುವುದು ಮಾತ್ರ ಕೈಯಲ್ಲಿ ಬರೆದ ಕಾರ್ಟೂನ್. ನಡುನಡುವಿನ ಫ್ರೇಮ್‌ಗಳನ್ನು ಬೇಕಂತಲೇ ಬಿಟ್ಟು, ಒಂದೊಂದು ಭಂಗಿಯನ್ನು ಕ್ಷಣ ಹಿಡಿದು ನಿಲ್ಲಿಸಿದರು. ಒನಕೆ ಮೇಲೆದ್ದಾಗ ನೀನೂ ಹಾಗೇ ನಿಲ್ಲಿಸು. ಆಮೇಲೆ ಧಡ್ ಅಂತ ಬೀಳಲಿ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಧಾಲ್‌ಸಿಮ್. ಸ್ಟ್ರೀಟ್ ಫೈಟರ್ 2ರಲ್ಲಿ ನಮ್ಮ ದೇಶದವನು ಅವನೊಬ್ಬನೇ. ಬೋಳು ತಲೆ ಮೇಲೆ ಕೆಂಪು ಪಟ್ಟೆ, ಎಲುಬು ಕಾಣುವ ಮೈ, ಹರಿದ ಚಡ್ಡಿ, ಕೊರಳಲ್ಲಿ ತಲೆಬುರುಡೆ. ದಾವಣಗೆರೆಯ ಆ ವಿಡಿಯೋ ಗೇಮ್ ಅಂಗಡಿಯಲ್ಲಿ ಹುಡುಗರು ನನಗೆ ಅದೇ ಹೆಸರಿಟ್ಟಿದ್ದರಲ್ಲ. ಕಪ್ಪಗೆ, ಸಣಕಲು, ಕೈ ಬೇರೆ ಉದ್ದ. ನೀನೂ ನಗುತ್ತಿದ್ದೆ, ನಾನೂ ನಗುತ್ತಿದ್ದೆ. ಮನೆಗೆ ಹೋಗಿ ಅಂಗಿ ಬಿಚ್ಚಿ ಕನ್ನಡಿ ಮುಂದೆ ನಿಲ್ಲುತ್ತಿದ್ದೆ ಕಣೋ. ಎಷ್ಟೋ ವರ್ಷ ತುಂಬು ತೋಳಿನ ಅಂಗಿ ಬಿಟ್ಟು ಬೇರೆ ಹಾಕಲಿಲ್ಲ. ಇದನ್ನು ನಿನಗೂ ಹೇಳಿರಲಿಲ್ಲ.

ಧಾಲ್‌ಸಿಮ್ ಮೇಲೆ ಸಿಟ್ಟಿಲ್ಲ. ಆ ಬುರುಡೆಗಳು ಅವನ ಊರಲ್ಲಿ ಪ್ಲೇಗ್ ಬಂದು ಸತ್ತ ಮಕ್ಕಳವು ಅನ್ನುವ ಕಥೆ ಗೊತ್ತಾದ ಮೇಲೆ ಅವನ ಮೇಲೆ ಅಕ್ಕರೆಯೇ ಬಂತು. ಆದರೆ ಅವನ ವೇಷ ಬರೆದವರು ನಮ್ಮನ್ನು ನೋಡಿದವರಲ್ಲ. ನೀನು ನೋಡಿದ್ದೀಯ. ಹಾಗಿದ್ದ ಮೇಲೆ ಓಬವ್ವನಿಗೆ ಹಾಲಿನಂಥ ಬಿಳಿ ಬಣ್ಣ ಯಾಕೋ? ಬಿಸಿಲಲ್ಲಿ ಬೆಂದ ನಮ್ಮ ಕಡೆಯ ಹೆಂಗಸು ಅವಳು. ಆ ಬಣ್ಣ ಬದಲಿಸು. ಬೇಡಿಕೊಳ್ಳುತ್ತಿದ್ದೇನೆ ಅಂತಲೇ ಇಟ್ಟುಕೋ.

ಸರಿ, ಜಾಸ್ತಿ ಆಯ್ತು. ಇಬ್ಬರೂ ಓಬವ್ವನನ್ನೇ ಆರಿಸಿಕೊಂಡರೆ ಎರಡನೇ ಆಟಗಾರನ ಓಬವ್ವನಿಗೆ ಹಸಿರು ಸೀರೆ, ಕೆಂಪು ಅಂಚು. ಭಾನುವಾರ ಊರಿಗೆ ಬಾ, ಬೆಣ್ಣೆ ದೋಸೆ ನನ್ನ ಲೆಕ್ಕ. ಆಮೇಲೆ ಟೆಕ್ಕೆನ್ ಆಡೋಣ. ಆ ಗೇಮ್‌ನ ಕರಡಿ ಪಾತ್ರ ಮಾತ್ರ ನಿನಗಿಲ್ಲ. ಯಾಕೆ ಅಂತ ಕೇಳಲೂಬೇಡ.