ಈ ಸಲ ದಸರಾ ಗೊಂಬೆಗೆ ಪಂಚಮಿಯೊಳಗೇ ಹೇಳಿ

ಪ್ರೀತಿಯ ಗ್ರಾಹಕರಿಗೆ,

ಕಿನ್ನಾಳದ ನಮ್ಮ ಗೊಂಬೆ ಕಲಾವಿದರ ಸಂಘದಿಂದ ನಮಸ್ಕಾರ.

ಏನೇನು ಬದಲಾಗುತ್ತದೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇವೆ. ಇಷ್ಟು ವರ್ಷ ಗಣೇಶನ ಹಬ್ಬದವರೆಗೂ ದಸರಾ ಗೊಂಬೆಗಳ ಆರ್ಡರ್ ತೆಗೆದುಕೊಳ್ಳುತ್ತಿದ್ದೆವು. ಈ ವರ್ಷ ನಾಗರ ಪಂಚಮಿಗೇ ನಿಲ್ಲಿಸುತ್ತೇವೆ. ಒಂದು ತಿಂಗಳಲ್ಲಿ ಕೈ ಸೇರುತ್ತಿದ್ದ ಗೊಂಬೆಗೆ ಇನ್ನು ಎರಡು ತಿಂಗಳು ಬೇಕು. ಬೆಲೆಯೂ ನೂರಕ್ಕೆ 15 ರೂಪಾಯಿಯಂತೆ ಜಾಸ್ತಿಯಾಗುತ್ತದೆ. ಭಾನುವಾರ ನಡೆಸುತ್ತಿದ್ದ ಬಣ್ಣ ಹಚ್ಚುವ ಶಿಬಿರ ಇನ್ನು ಇರುವುದಿಲ್ಲ.

ಇಷ್ಟನ್ನೆಲ್ಲ ಒಪ್ಪಿಕೊಳ್ಳಿ ಅಂತ ಕೇಳುವಾಗ ಕಾರಣವನ್ನೂ ಸರಿಯಾಗಿ ಹೇಳಬೇಕು, ಅಲ್ವಾ?

ಹೋದ ಮಳೆಗಾಲದಲ್ಲಿ ಒಂದು ದೊಡ್ಡ ಆರ್ಡರ್ ಬಂದಿತ್ತು. ಎಲ್ಲ ಕಾಮಧೇನು. ದಿನ ಕಡಿಮೆ ಇತ್ತು. ಊರಿನ ಆರು ಹುಡುಗ ಹುಡುಗಿಯರನ್ನು ಬಣ್ಣದ ಕೆಲಸಕ್ಕೆ ಕರೆದುಕೊಂಡೆವು. ಅವರ ಕೈ ಚುರುಕು. ಹೇಳಿದ ದಿನಕ್ಕೆ ಮುಗಿಸಿಕೊಟ್ಟರು. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಎರಡು ತಿಂಗಳಾದ ಮೇಲೆ ಅರ್ಧಕ್ಕರ್ಧ ಗೊಂಬೆ ವಾಪಸ್ ಬಂದವು. ಕುತ್ತಿಗೆ ಹತ್ತಿರ, ರೆಕ್ಕೆ ಸೇರುವ ಕಡೆ, ಬಣ್ಣ ಹಪ್ಪಳದ ಹಾಗೆ ಎದ್ದಿತ್ತು.

ಹೊಸ ಹುಡುಗರು ಕೆಡಿಸಿದರು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ನಮ್ಮ ಹಿರಿಯ ಕಲಾವಿದರೊಬ್ಬರು ಒಂದು ಗೊಂಬೆ ಕೈಗೆತ್ತಿಕೊಂಡು, ಎದ್ದ ಬಣ್ಣವನ್ನು ಉಗುರಿನಿಂದ ಕಿತ್ತು ನೋಡಿದರು. 'ಹುಡುಗರ ತಪ್ಪಲ್ಲ ಇದು. ಅವರ ಕೈಗೆ ನಾವು ಬರೀ ಕುಂಚ ಕೊಟ್ಟೀವಿ' ಅಂದರು. ಅದು ನಿಜ. ಒಳಗೆ ಏನಿದೆ ಅಂತ ಗೊತ್ತಿಲ್ಲದವರಿಗೆ ಮೇಲಿನ ಕೆಲಸ ಮಾತ್ರ ಹೇಳಿಕೊಟ್ಟಿದ್ದೆವು.

ಒಳಗೆ ಏನಿದೆ? ಕಿನ್ನಾಳ ಗೊಂಬೆ ಬಹಳ ಹಗುರವಾದ ಮರದ್ದು. ಕೈ, ಕಾಲು, ರೆಕ್ಕೆ ಎಲ್ಲ ಬೇರೆ ಬೇರೆ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತೇವೆ. ಆಮೇಲೆ ಕಿಟ್ಟ. ಹಳೆಯ ಗೋಣಿಚೀಲವನ್ನು ನೆನೆಸಿ, ಚೂರು ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಅದೇ ಹುಣಸೆ ಅಂಟಿನಲ್ಲಿ ಕಲಸಿದರೆ ಕಿಟ್ಟ ಆಗುತ್ತದೆ. ಅದನ್ನು ಮೈತುಂಬ ಕೈಯಿಂದಲೇ ಬಳಿಯಬೇಕು. ಅದರ ಮೇಲೆ ಹತ್ತಿ ಬಟ್ಟೆಯ ಸಣ್ಣ ತುಂಡುಗಳನ್ನು ಅಂಟಿಸಬೇಕು. ಅದರ ಮೇಲೆ ಕಲ್ಲಿನ ಪುಡಿ, ಅಂಟು ಸೇರಿಸಿದ ಲೇಪ. ದೇವರ ಕೊರಳ ಸರ, ಕಿರೀಟದ ಉಬ್ಬು ಕುಸುರಿ ಎಲ್ಲ ಆ ಲೇಪದ್ದೇ. ಬಣ್ಣ ಬರುವುದು ಇಷ್ಟೆಲ್ಲ ಆದ ಮೇಲೆ. ಒಂದೊಂದು ಪದರವೂ ಪೂರ್ತಿ ಒಣಗಬೇಕು. ಒಳಗೆ ಹಸಿ ಉಳಿದರೆ ಅದು ಹೊರಗೆ ಬರಲು ದಾರಿ ಹುಡುಕುತ್ತದೆ. ಹೊರಗೆ ಬರುವಾಗ ಬಣ್ಣವನ್ನೂ ಎಬ್ಬಿಸಿಕೊಂಡೇ ಬರುತ್ತದೆ.

ಯಾವಾಗ ಒಣಗಿತು ಅಂತ ಗಡಿಯಾರ ನೋಡಿ ಹೇಳಲು ಆಗುವುದಿಲ್ಲ. ಮೊನ್ನೆ ಒಬ್ಬ ಹುಡುಗ ಕೇಳುತ್ತಿದ್ದ, 'ಕಾಕಾ, ಇದು ಒಣಗೈತೇನು?' ಅಂತ. 'ಗಲ್ಲಕ್ಕೆ ಹಚ್ಚಿಕೊಂಡು ನೋಡು. ತಣ್ಣಗಿದ್ದರ ಇನ್ನೂ ಹಸಿ ಐತಿ' ಅಂದರು ಕಾಕಾ. ಒಂದು ದಿನದ ಶಿಬಿರದಲ್ಲಿ ಇದನ್ನು ಹೇಳಿಕೊಡಬಹುದು. ಆದರೆ ಗಲ್ಲಕ್ಕೆ ಅದು ಗೊತ್ತಾಗಬೇಕಾದರೆ ಒಂದು ಮಳೆಗಾಲ, ಒಂದು ಬೇಸಿಗೆ ಎರಡೂ ಕಳೆಯಬೇಕು.

ಅದಕ್ಕೇ ಈಗ ಒಬ್ಬೊಬ್ಬ ಕಲಾವಿದರ ಜೊತೆ ಇಬ್ಬಿಬ್ಬರು ಹುಡುಗರನ್ನು ಸೇರಿಸಿದ್ದೇವೆ. ಹತ್ತು ತಿಂಗಳು ಅವರು ಅದೇ ಗುರುವಿನ ಪಕ್ಕ ಕೂರುತ್ತಾರೆ. ಹುಣಸೆ ಬೀಜ ಅರೆಯುವುದರಿಂದ ಹಿಡಿದು ಗೊಂಬೆಯ ಕಣ್ಣು ಬರೆಯುವವರೆಗೆ ಎಲ್ಲವನ್ನೂ ಮಾಡುತ್ತಾರೆ. ಸೋಮವಾರ, ಮಂಗಳವಾರ ಆರ್ಡರ್ ಕೆಲಸ ಮುಟ್ಟುವುದೇ ಇಲ್ಲ. ಆ ಎರಡು ದಿನ ಬರೀ ಕಲಿಕೆಗೆ. ನಿಮ್ಮ ಗೊಂಬೆ ತಡವಾಗುವುದು ಅದಕ್ಕೇ. ಮಕ್ಕಳಿಗೆ ತಿಂಗಳಿಗೊಮ್ಮೆ ಭತ್ಯೆ ಕೊಡುತ್ತೇವೆ. ಕಲಿಸುವ ದಿನಗಳಿಗೆ ಗುರುಗಳಿಗೂ ಕೂಲಿ ಇದೆ. ಬೆಲೆ ಏರಿದ್ದು ಇದಕ್ಕೆ. ಕಲಿಯುವವರು ಸುಮ್ನೆ ದುಡಿಯಲಿ ಅನ್ನುವ ಪದ್ಧತಿ ನಮಗೆ ಬೇಡ. ಹಾಗೆ ಮಾಡಿದರೆ ಮನೆಯಲ್ಲಿ ಅನುಕೂಲ ಇರುವವರು ಮಾತ್ರ ಕಲಿಯಲು ಬರುತ್ತಾರೆ.

ಇನ್ನೊಂದು ಮಾತು. ಈ ಕೆಲಸ ಇಷ್ಟು ಕಾಲ ಚಿತ್ರಗಾರ ಮನೆತನಗಳಲ್ಲೇ ಉಳಿದು ಬಂದದ್ದು. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರಗಳನ್ನು ಬರೆದವರು ನಮ್ಮ ಹಿರೀಕರೇ ಅಂತ ಊರಲ್ಲಿ ಹೇಳುತ್ತಾರೆ. ಈಗ ಬಂದಿರುವ ಮಕ್ಕಳಲ್ಲಿ ನೇಕಾರರ ಮನೆಯವರಿದ್ದಾರೆ, ಹೊಲದ ಕೆಲಸದವರ ಮನೆಯವರಿದ್ದಾರೆ. ಮೊದಲು ಕೆಲವು ಹಿರಿಯರಿಗೆ ಇದು ಒಪ್ಪಿಗೆ ಇರಲಿಲ್ಲ. ಮನೆಯ ವಿದ್ಯೆ ಹೊರಗೆ ಹೋಗುತ್ತದಲ್ಲ ಅನ್ನುವ ಅಳುಕು. ಆ ಅಳುಕು ನಮಗೂ ಅರ್ಥವಾಗುತ್ತದೆ. ಹೊಟ್ಟೆ ಹೊರೆದ ವಿದ್ಯೆ ಅದು. ಆದರೆ ಅವರ ಸ್ವಂತ ಮಕ್ಕಳೇ ಬೆಂಗಳೂರಿನಲ್ಲಿ ಬೇರೆ ಕೆಲಸ ಹಿಡಿದಿದ್ದಾರೆ. ಅದೂ ತಪ್ಪಲ್ಲ. ಮಾತಾಡಿ ಮಾತಾಡಿ ಕೊನೆಗೆ ಎಲ್ಲರೂ ಒಪ್ಪಿದರು.

ಒಂದು ದಿನ ಎಲ್ಲರೂ ಸೇರಿ ಬಸ್ಸಿನಲ್ಲಿ ಹಂಪಿಗೆ ಹೋಗಿದ್ದೆವು. ಗುಡಿಯ ಮಂಟಪದಲ್ಲಿ ಮಕ್ಕಳು ಕುತ್ತಿಗೆ ನೋಯುವ ತನಕ ಮೇಲೆ ನೋಡುತ್ತಾ ನಿಂತರು. ಒಬ್ಬ ಹುಡುಗಿ ಕೇಳಿದಳು, 'ಇಷ್ಟು ದೊಡ್ಡದನ್ನ ಒಬ್ಬರೇ ಬರೆಯಾಕ ಆಗತೈತೇನು?' ಆಗಲ್ಲ. ಗುರುವಿನ ಪಕ್ಕ ಬಣ್ಣ ಅರೆದುಕೊಡಲು, ಗೆರೆ ಹಿಡಿಯಲು ಎಷ್ಟು ಸಣ್ಣ ಕೈಗಳಿದ್ದವೋ!

ಊರಿಗೆ ಬಂದ ಮೇಲೆ ಆ ಹುಡುಗಿ ತನ್ನದೇ ಒಂದು ಗೊಂಬೆ ಶುರು ಮಾಡಿದಳು. ದೇವರಲ್ಲ, ಪ್ರಾಣಿಯಲ್ಲ. ಮಗ್ಗದ ಮುಂದೆ ಕೂತ ಅವಳ ಅಜ್ಜಿ. ಸೀರೆಯ ಅಂಚನ್ನು ಉಬ್ಬು ಕುಸುರಿಯಲ್ಲಿ ಎತ್ತಿದ್ದಾಳೆ. ಅವಳ ಗುರುಗಳು ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಬಂದು, ಅಜ್ಜಿಯ ಬೆನ್ನು ಇನ್ನಷ್ಟು ಬಾಗಿರಬೇಕು ಅಂತ ಹೇಳಿ ಹೋದರು. ಇಂಥ ಗೊಂಬೆಗಳನ್ನೂ ಈ ದಸರಾಕ್ಕೆ ಮಾರಾಟಕ್ಕೆ ಇಡುತ್ತೇವೆ. ಗರುಡ, ಗೌರಿ, ಕಾಮಧೇನು ಎಂದಿನಂತೆ ಇದ್ದೇ ಇರುತ್ತವೆ.

ಭಾನುವಾರದ ಶಿಬಿರ ಇಷ್ಟಪಟ್ಟವರು ಬಹಳ ಜನ ಇದ್ದೀರಿ. ಮಕ್ಕಳನ್ನು ಕರೆದುಕೊಂಡು ದೂರದಿಂದ ಬರುತ್ತಿದ್ದಿರಿ. ಕ್ಷಮಿಸಿ. ಅಲ್ಲಿ ನಾವು ಕೊಡುತ್ತಿದ್ದದ್ದೂ ಬರೀ ಕುಂಚವೇ ಆಗಿತ್ತು. ಈಗ ಶನಿವಾರ ಮಧ್ಯಾಹ್ನ ಬಂದರೆ ಗುರು, ಮಕ್ಕಳು ಕೆಲಸ ಮಾಡುವುದನ್ನು ಕೂತು ನೋಡಬಹುದು. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಇನ್ನು ಮುಂದೆ ಪ್ರತಿ ಗೊಂಬೆಯ ಅಡಿಯಲ್ಲಿ ಎರಡು ಹೆಸರು ಇರುತ್ತವೆ. ಒಂದು ಕಲಿಸಿದವರದು, ಒಂದು ಕಲಿತವರದು. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ. ತಡವಾಗುವುದು ಬೇಡ ಅನ್ನಿಸಿದರೆ ಹೇಳಿ, ಮುಂಗಡವನ್ನು ಪೂರ್ತಿ ವಾಪಸ್ ಕೊಡುತ್ತೇವೆ.

ಕೊನೆಗೆ ಒಂದು ಕೇಳಿಕೆ. ನಮ್ಮಲ್ಲಿ ಕೊಂಡ ಗೊಂಬೆಯ ಬಣ್ಣ ಎದ್ದಿದ್ದರೆ, ಕೈ ಕಾಲು ಬಿಟ್ಟುಕೊಂಡಿದ್ದರೆ, ಎಷ್ಟೇ ಹಳೆಯದಾದರೂ ಕಳಿಸಿಕೊಡಿ. ನಾವೇ ಮಾಡಿದ ತಪ್ಪಾದ್ದರಿಂದ ಹಣ ತೆಗೆದುಕೊಳ್ಳುವುದಿಲ್ಲ. ಮಕ್ಕಳು ಪದರ ಪದರವಾಗಿ ಬಿಚ್ಚಿ ನೋಡಿ, ಗುರುಗಳ ಜೊತೆ ಕೂತು ಸರಿಮಾಡುತ್ತಾರೆ. ಕಟ್ಟುವಾಗ ಹತ್ತಿ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ.

ಇಂತಿ ನಿಮ್ಮ,
ಕಾರ್ಯದರ್ಶಿ, ಸಂಘದ ಎಲ್ಲರ ಪರವಾಗಿ
ಕಿನ್ನಾಳ, ಕೊಪ್ಪಳ ಜಿಲ್ಲೆ